ತಪ್ಪಿದ ಬೆಡಿ ಎಲ್ಲಿಗೆ ಹೋಯಿತು?

ಕಾಸರಗೋಡು ಜಿಲ್ಲೆಯ ಬಂದ್ಯೋಡಿನಿಂದ ಪೆರ್ಮುದೆ ಕಡೆಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ, ದರೆಯ ಮೇಲೆ ನಿಂತ ತಗಡಿನ ಫಲಕವೊಂದನ್ನು ಒಮ್ಮೆ ಹತ್ತಿರ ಹೋಗಿ ನೋಡಿದೆ. ಸ್ಕೂಟರಿನಲ್ಲಿ ದಾಟಿಹೋಗುವಾಗ ಅದು ಬರೀ ಊರ ಹೆಸರು. ಇಳಿದು ನೋಡಿದರೆ ಮೈಮೇಲೆ ಸಿಡುಬಿನ ಕಲೆ. ಕಡಲೆಕಾಳಿನಷ್ಟು ಗುಳಿ, ಸುತ್ತ ಉಂಗುರದಂತೆ ಎದ್ದ ಬಣ್ಣ, ನಡುವೆ ತುಕ್ಕು. ಏರ್ ಗನ್ನಿನ ಸೀಸದ ಗುಂಡು ದಪ್ಪ ತಗಡಿಗೆ ಬಡಿದರೆ ಹೀಗೆಯೇ. ತೂತು ಬೀಳುವುದಿಲ್ಲ, ತಗ್ಗು ಬೀಳುತ್ತದೆ. ಎಣಿಸಿದೆ, ಏಳು ಇದ್ದವು. ನಮ್ಮ ಕಡೆಯ ಫಲಕದಲ್ಲಿ ಮೂರು ಭಾಷೆ ಇರುತ್ತದಲ್ಲ, ಗುರಿಕಾರನಿಗೆ ಪಕ್ಷಪಾತವಿರಲಿಲ್ಲ: ಮಲಯಾಳಕ್ಕೆ ಮೂರು, ಕನ್ನಡಕ್ಕೆ ಎರಡು, ಇಂಗ್ಲಿಷಿಗೆ ಎರಡು.

ಬಡಿದದ್ದು ಏಳು, ಸರಿ. ತಪ್ಪಿದ್ದು ಎಷ್ಟು?

ಫಲಕದ ಆಚೀಚೆ ಮಣ್ಣಿಲ್ಲ, ಬಯಲು ಗಾಳಿ. ಆ ಗಾಳಿಯ ಆಚೆ, ತಿರುವು ಮುಗಿದಲ್ಲಿ, ಮತ್ತೆ ಅದೇ ರಸ್ತೆ. ರಸ್ತೆಯಾಚೆ ಅಡಿಕೆ ತೋಟ, ತೋಟದ ನಡುವೆ ಹೆಂಚಿನ ಮನೆ, ಅಂಗಳದ ಹಗ್ಗದಲ್ಲಿ ಒಣಹಾಕಿದ ಬಟ್ಟೆ. ಅಂಗಳದಲ್ಲಿ ಆಗ ಯಾರೂ ಇರಲಿಲ್ಲ. ಯಾವಾಗಲೂ ಹಾಗೆಯೇ ಇರುತ್ತದೆಂದು ಹೇಳುವಂತಿಲ್ಲ.

ಫಲಕಕ್ಕೆ ಗುರಿಯಿಟ್ಟವರು ಯಾರೆಂದು ನಾನು ವಿಚಾರಿಸಲು ಹೋಗಲಿಲ್ಲ. ಯಾರೋ ಹುಡುಗರು, ಭಾನುವಾರದ ಹೊತ್ತು, ಆನ್‌ಲೈನಿನಲ್ಲಿ ಬಂದ ಹೊಸ ಕೋವಿ. ಇಷ್ಟು ಊಹಿಸಲು ಪತ್ತೇದಾರನೇ ಆಗಬೇಕಾಗಿಲ್ಲ. ಕೇಡು ಬಗೆಯುವ ಬುದ್ಧಿ ಅದರಲ್ಲಿ ಇದ್ದಿರಲಾರದು. ಖಾಲಿ ಬಾಟಲಿ, ಎಳನೀರಿನ ಚಿಪ್ಪು, ಹಾಲಿನ ಡಬ್ಬ, ಕೊನೆಗೆ ರಸ್ತೆಯ ಫಲಕ: ಗುರಿ ಹಿಡಿಯುವ ಕೈಗೆ ಕಣ್ಣಿಗೆ ಬಿದ್ದದ್ದೆಲ್ಲ ಗುರಿಯೇ. ಆದರೆ ಆ ಕೈಗೆ ಯಾರೂ ಒಂದು ಪ್ರಶ್ನೆ ಕಲಿಸಿಲ್ಲ. ಈ ಬರಹ ಆ ಒಂದು ಪ್ರಶ್ನೆಯದ್ದು.

ಒಂದೇ ಶಬ್ದ, ಎರಡು ಮುಖ

ನಮ್ಮಲ್ಲಿ ಕೋವಿಗೂ ಬೆಡಿ ಎನ್ನುತ್ತಾರೆ, ಅದು ಹಾರಿಸುವ ಈಡಿಗೂ ಬೆಡಿ ಎನ್ನುತ್ತಾರೆ, ದೇವಸ್ಥಾನದ ಸುಡುಮದ್ದಿಗೂ ಬೆಡಿ ಎನ್ನುತ್ತಾರೆ. ಕುಂಬಳೆಯ ಕಣಿಪುರ ಗೋಪಾಲಕೃಷ್ಣನ ಜಾತ್ರೆಯೆಂದರೆ ಕುಂಬಳೆ ಬೆಡಿ. ಗಡಿಯಾಚೆ ಮಹಾಲಿಂಗೇಶ್ವರನ ಜಾತ್ರೆಯೆಂದರೆ ಪುತ್ತೂರು ಬೆಡಿ. ಮಲಯಾಳದವರ ನಾಲಿಗೆಯಲ್ಲಿ ಅದೇ 'ವೆಡಿ'. ಹೆಗಲ ಮೇಲೆ ಕೂತು ಆಕಾಶ ನೋಡಿದ ಮಗುವಿನ ಮನಸ್ಸಿನಲ್ಲಿ ಬೆಡಿಯೆಂದರೆ ಮೊದಲು ಸಂಭ್ರಮ, ಆಮೇಲೆ ಎಂದೋ ಭಯ.

ಹಾಗಾಗಿ ಗುಡ್ಡದ ಕಡೆಯಿಂದ ಸದ್ದು ಕೇಳಿದರೆ ಜಗಲಿಯಲ್ಲಿ ಕೂತವರು ಗಾಬರಿಯಾಗುವುದಿಲ್ಲ, ಲೆಕ್ಕ ಹಾಕುತ್ತಾರೆ. ಗರ್ನಾಲೋ, ಬೆಡಿಯೋ? ಕಲ್ಲಿನ ಕೋರೆಯ ಮದ್ದೋ, ಹಂದಿ ಓಡಿಸುವ ಪಟಾಕಿಯೋ? ಕೇಪಿನ ಕೋವಿಯಾದರೆ ಸದ್ದು ಅಗಲ, ಹಿಂದಿನಿಂದ ಒಂದು ಗುಡುಗು ಉರುಳಿದ ಹಾಗೆ. ತೋಟೆ ಕೋವಿಯಾದರೆ ಚುರುಕು, ಒಣ ಹಲಗೆ ಸೀಳಿದ ಹಾಗೆ. ಏರ್ ಗನ್ನು ಬರೀ 'ಟಪ್'. ಅದರ ಸದ್ದು ಪಕ್ಕದ ತೋಟಕ್ಕೂ ಕೇಳಿಸುವುದಿಲ್ಲ. ಬಹುಶಃ ಅದಕ್ಕೇ ಅದನ್ನು ಆಟಿಕೆ ಎಂದುಕೊಂಡವರು ಹೆಚ್ಚು.

ಆಟಿಕೆಯ ಲೆಕ್ಕವನ್ನೊಮ್ಮೆ ನೋಡೋಣ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗಿಂತ ದೊಡ್ಡ ನಳಿಗೆಯ, ಅಥವಾ 20 ಜೂಲಿಗಿಂತ ಹೆಚ್ಚು ಶಕ್ತಿಯ ಏರ್ ಗನ್ನಿಗೆ ಪರವಾನಗಿ ಬೇಕು. ಅದಕ್ಕಿಂತ ಕಡಿಮೆಯದಕ್ಕೆ ಬೇಡ. 20 ಜೂಲು ಎಂದರೆ ಎಷ್ಟು? ಅರ್ಧ ಗ್ರಾಂ ತೂಕದ ಸೀಸದ ಗುಂಡಿಗೆ ಅಷ್ಟು ಶಕ್ತಿ ತುಂಬಿದರೆ ಅದು ನಳಿಗೆಯ ಬಾಯಿ ಬಿಡುವಾಗ ಸೆಕೆಂಡಿಗೆ ಸುಮಾರು 280 ಮೀಟರ್ ವೇಗದಲ್ಲಿರುತ್ತದೆ. ಗಂಟೆಗೆ ಸಾವಿರ ಕಿಲೋಮೀಟರ್. ಎಲ್ಲ ಕೋವಿಯೂ ಆ ಮಿತಿಯವರೆಗೆ ಹೋಗುವುದಿಲ್ಲ, ಹೆಚ್ಚಿನವು ಅದರ ಅರ್ಧದಲ್ಲೇ ನಿಲ್ಲುತ್ತವೆ. ಆದರೆ ಕಣ್ಣಿಗೆ ಅಷ್ಟೂ ಬೇಕಾಗಿಲ್ಲ. ಮೇಲ್ಮುಖವಾಗಿ ಹೊಡೆದ ಗುಂಡು ಇನ್ನೂರು ಮುನ್ನೂರು ಮೀಟರ್ ಹೋಗಿ ಬೀಳುವುದೂ ಹೊಸದಲ್ಲ.

ದೊಡ್ಡ ಕೋವಿಗಳ ಲೆಕ್ಕ ಬೇರೆ. ಹನ್ನೆರಡು ಬೋರಿನ ತೋಟೆಯೊಳಗಿನ ದಪ್ಪ ಚರೆ ಅರ್ಧ ಕಿಲೋಮೀಟರ್ ದಾಟಬಲ್ಲದು. ಚಿಕ್ಕದೆಂದು ನಾವು ಸಸಾರ ಮಾಡುವ .22 ರೈಫಲಿನ ಗುಂಡು ಸರಿಯಾದ ಕೋನದಲ್ಲಿ ಹಾರಿದರೆ ಎರಡು ಕಿಲೋಮೀಟರ್ ಹೋಗುತ್ತದೆ. ಬಂದ್ಯೋಡಿನ ಪೇಟೆಯ ಮೂಡಣ ಗುಡ್ಡದಲ್ಲಿ ನಿಂತವನು ಪಡುವಣಕ್ಕೆ ಬೀಸಾಗಿ ಹೊಡೆದನೆಂದರೆ ಆ ಗುಂಡಿನ ದಾರಿಯಲ್ಲಿ ಆರು ಪಥದ ಹೆದ್ದಾರಿ ಬರುತ್ತದೆ, ರೈಲು ಹಳಿ ಬರುತ್ತದೆ, ತೆಂಗಿನಡಿಯ ಮನೆಗಳು ಬರುತ್ತವೆ.

ಬಲೂನ್ ಅಂಗಡಿಯವನ ಹಲಗೆ

ಗುರಿಯಾಟವನ್ನು ಬೇಡವೆನ್ನುವವನು ನಾನಲ್ಲ. ನಾನೂ ಮೊದಲು ಬೆಡಿ ಹಿಡಿದದ್ದು ಜಾತ್ರೆಯಲ್ಲೇ, ಬಲೂನ್ ಅಂಗಡಿಯ ಮುಂದೆ. ಆ ಅಂಗಡಿಯವನನ್ನು ಒಮ್ಮೆ ಗಮನವಿಟ್ಟು ನೋಡಿ. ಸಾಮಾನು ಇಳಿಸಿದ ಮೇಲೆ ಅವನು ಮೊದಲು ನಿಲ್ಲಿಸುವುದು ಬಲೂನುಗಳನ್ನಲ್ಲ, ಹಲಗೆಯನ್ನು. ಆಳೆತ್ತರದ ಪ್ಲೈವುಡ್ಡು, ಅದರ ಹಿಂದೆ ಗೋಣಿ, ಆಚೀಚೆ ಇಳಿಬಿಟ್ಟ ದಪ್ಪ ಪರದೆ. ಬಲೂನು ಕಟ್ಟುವುದು ಎಲ್ಲ ಆದಮೇಲೆ. ಕೋವಿಯನ್ನು ತಾನೇ ಮಡಚಿ, ತಾನೇ ಗುಂಡು ಹಾಕಿ, ನಳಿಗೆಯ ಬಾಯಿ ಹಲಗೆಯ ಕಡೆಗೇ ಇರುವಂತೆ ನಿಮ್ಮ ಕೈಗೆ ಕೊಡುತ್ತಾನೆ. ಜೊತೆಗಾರನೊಡನೆ ಮಾತಾಡಲು ನೀವು ಮೈ ತಿರುಗಿಸಿದಿರೋ, ಎರಡು ಬೆರಳಲ್ಲಿ ನಳಿಗೆ ಹಿಡಿದು ಮತ್ತೆ ಹಲಗೆಯತ್ತ ತಿರುಗಿಸುತ್ತಾನೆ. ಬಯ್ಯುವುದಿಲ್ಲ, ಬಯ್ದರೆ ಗಿರಾಕಿ ಹೋಗುತ್ತಾನೆ.

ಅವನ ಕೋವಿಯ ಕಣ್ಣಿ ಎಂದೂ ನೆಟ್ಟಗಿರುವುದಿಲ್ಲ ಎಂಬುದು ಜಾತ್ರೆಗೆ ಹೋದ ಎಲ್ಲರ ದೂರು. ಇರಲಿ. ಬಂದವರಲ್ಲಿ ಹೆಚ್ಚಿನವರಿಗೆ ಗುರಿ ತಪ್ಪುತ್ತದೆಂದು ಅವನಿಗೆ ಗೊತ್ತು. ಬಲೂನು ಅಂಗೈಯಷ್ಟು, ಹಲಗೆ ಬಾಗಿಲಿನಷ್ಟು. ಆ ಅಗಲವೆಲ್ಲ ತಪ್ಪುವವರಿಗಾಗಿ.

ಬಲೂನ್ ಅಂಗಡಿಯವನು ಯಾವ ಪುಸ್ತಕವನ್ನೂ ಓದದೆ ಕಲಿತದ್ದನ್ನೇ ಕೋವಿ ತರಬೇತಿಯ ಜಗತ್ತು ನಿಯಮವಾಗಿ ಬರೆದಿಟ್ಟಿದೆ. ಅಮೆರಿಕದ ಜೆಫ್ ಕೂಪರ್ ರೂಪಿಸಿದ ನಾಲ್ಕು ಸೂತ್ರಗಳು ಇಂದು ಎಲ್ಲ ಕಡೆ ಚಾಲ್ತಿಯಲ್ಲಿವೆ. ಕೋವಿ ಯಾವಾಗಲೂ ತುಂಬಿದೆಯೆಂದೇ ತಿಳಿಯಬೇಕು. ನಾಶವಾಗಬಾರದ್ದರ ಕಡೆಗೆ ಅದರ ಬಾಯಿ ತಿರುಗಬಾರದು. ಗುರಿ ಸಿಗುವವರೆಗೆ ಬೆರಳು ಕುದುರೆಗೆ ತಾಗಬಾರದು. ನಾಲ್ಕನೆಯದು, ಗುರಿ ಯಾವುದು ಮತ್ತು ಅದರ ಹಿಂದೆ ಏನಿದೆ ಎರಡೂ ಗೊತ್ತಿರಬೇಕು. ರಸ್ತೆ ಬದಿಯ ಭಾನುವಾರದ ಆಟದಲ್ಲಿ ಮೊದಲ ಮೂರನ್ನು ಕೆಲವರಾದರೂ ಪಾಲಿಸುತ್ತಾರೆ. ನಾಲ್ಕನೆಯದು ಯಾರ ತಲೆಗೂ ಬರುವುದಿಲ್ಲ, ಏಕೆಂದರೆ ಗುರಿ ಹಿಡಿಯುವಾಗ ಒಂದು ಕಣ್ಣು ಮುಚ್ಚುತ್ತೇವೆ, ತೆರೆದ ಕಣ್ಣಿಗೆ ಬಾಟಲಿ ಮಾತ್ರ ಕಾಣಿಸುತ್ತದೆ.

ಬಾಟಲಿಗೆ ಹೊಡೆಯುವವರು ಬೇರೊಂದು ತಪ್ಪನ್ನೂ ಮಾಡುತ್ತಾರೆ. ಹಿಂದೆ ಕೆಂಪುಕಲ್ಲಿನ ದರೆ ಇದೆ, ಸಾಕು ಎನ್ನುತ್ತಾರೆ; ಇಲ್ಲವೇ ಬಿಟ್ಟುಹೋದ ಕಲ್ಲಿನ ಕೋರೆಗೆ ಇಳಿಯುತ್ತಾರೆ. ಗುಂಡನ್ನು ನುಂಗುವುದು ಸಡಿಲ ಮಣ್ಣು. ಬಿಸಿಲಿಗೆ ಕಬ್ಬಿಣವಾದ ಕೆಂಪುಕಲ್ಲು ಗುಂಡನ್ನು ವಾಪಸು ಉಗುಳುತ್ತದೆ, ಎತ್ತ ಕಡೆಗೆಂದು ಹೇಳದೆ. ತುಂಬಿದ ಕೆರೆಯ ನೀರೂ ಅಷ್ಟೇ. ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸಿದ ಎಲ್ಲರಿಗೂ ಅದು ಗೊತ್ತಿರಬೇಕು.

ಬೆನ್ನು ಖಾಲಿಯಿಲ್ಲದ ಊರು

ಗುರಿಯಾಟ ನಮ್ಮ ಗಡಿನಾಡಿನ ಆವಿಷ್ಕಾರವಲ್ಲ. ಕನ್ನಡನಾಡಿನಲ್ಲಿ ಅದಕ್ಕೆ ಹಬ್ಬದ ಸ್ಥಾನ ಇರುವುದು ಕೊಡಗಿನಲ್ಲಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಬಂದರೆ ಕೋವಿಗೆ ತೋಕ್ ಪೂವ್ ಮುಡಿಸಿ ಪೂಜೆ, ಆಮೇಲೆ ಮರದೆತ್ತರದ ತೆಂಗಿನಕಾಯಿಗೆ ಗುಂಡು. ಮಗು ಹುಟ್ಟಿದರೂ ಈಡು, ಸಾವಾದರೂ ಈಡು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯ ಮುಂದುವರಿಕೆಯಾಗಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಕೋವಿ ಪರವಾನಗಿಯ ಹಂಗಿಲ್ಲ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಈಗ ಅಲ್ಲಿನ ತೆಂಗಿನಕಾಯಿ ಸ್ಪರ್ಧೆಗಳಲ್ಲಿ .22, ಹನ್ನೆರಡು ಬೋರ್, ಏರ್ ಗನ್ ಎಂದು ವಿಭಾಗಗಳಿವೆ. ಸ್ಪರ್ಧೆಯಾದ್ದರಿಂದ ಸಾಲು ಇದೆ, ಸರದಿ ಇದೆ, ನೋಡುವ ಹಿರಿಯರಿದ್ದಾರೆ.

ಆ ವಿಡಿಯೋಗಳನ್ನು ನೋಡಿ ನಮ್ಮ ಹುಡುಗರೂ ತೆಂಗಿನಕಾಯಿ ಕಟ್ಟುತ್ತಾರೆ. ಆದರೆ ಅಂಕಗಣಿತ ಬೇರೆ. 2011ರ ಜನಗಣತಿಯಂತೆ ಕೊಡಗಿನಲ್ಲಿ ಚದರ ಕಿಲೋಮೀಟರಿಗೆ 135 ಜನ. ಕಾಸರಗೋಡು ಜಿಲ್ಲೆಯಲ್ಲಿ 650ಕ್ಕೂ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು ಜನ ಇರುವ ಬಗೆ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಊರೆಂದರೆ ಒಂದೆಡೆ ಒತ್ತಾಗಿ ಮನೆಗಳು, ಊರ ಹೊರಗೆ ಹೊಲ. ಊರಿಗೆ ಬೆನ್ನು ಹಾಕಿ ನಿಂತರೆ ಮುಂದೆ ಬಯಲು. ನಮ್ಮಲ್ಲಿ ಊರಿಗೆ ಹೊರಗು ಎಂಬುದೇ ಇಲ್ಲ. ಬಯಲಲ್ಲಿ ಒಂದು ಮನೆ, ಮಜಲಲ್ಲಿ ಒಂದು, ಬೆಟ್ಟಿನಲ್ಲಿ ಒಂದು, ಪದವಿನ ಅಂಚಿನಲ್ಲಿ ಗಲ್ಫಿನ ದುಡ್ಡಿನ ಎರಡು ಮಹಡಿ. ಪ್ರತಿ ಮನೆಯೂ ತನ್ನ ತೋಟದೊಳಗೆ ಅಡಗಿ ಕೂತಿದೆ. ಹಾಗಾಗಿ ಗುಡ್ಡದ ಮೇಲಿಂದ ನೋಡಿದರೆ ಬರೀ ಹಸಿರು. ಯಾರೂ ಇಲ್ಲದ ಕಾಡೆಂದು ಅನ್ನಿಸುತ್ತದೆ. ಆ ಹಸಿರಿನ ಪ್ರತಿ ಮಡಿಕೆಯಲ್ಲೂ ಒಂದು ಅಡುಗೆಮನೆಯ ಹೊಗೆ.

ರಸ್ತೆಯೂ ಹಾಗೆಯೇ ಅಡಗಿ ಹೋಗುತ್ತದೆ. ಗುಡ್ಡ ಕಡಿದು ಮಾಡಿದ ದಾರಿ, ಎರಡೂ ಬದಿ ದರೆ, ಇಪ್ಪತ್ತು ಮಾರಿಗೊಂದು ತಿರುವು. ದರೆಯ ಮೇಲೆ ನಿಂತವನಿಗೆ ಕೆಳಗಿನ ರಸ್ತೆ ಕಾಣುವುದಿಲ್ಲ, ರಸ್ತೆಯಲ್ಲಿ ಬರುವವನಿಗೆ ದರೆಯ ಮೇಲಿನವನು ಕಾಣುವುದಿಲ್ಲ. ಮುಂಜಾವ ಮದ್ರಸಕ್ಕೆ ಹೋಗುವ ಮಕ್ಕಳು, ಡೈರಿಗೆ ಹಾಲು ಒಯ್ಯುವವರು, ಕಟ್ಟಪುಣಿಯಿಂದ ಏರಿ ಬಸ್ಸಿಗೆ ಓಡುವ ಕೂಲಿಯವರು ಎಲ್ಲರೂ ಆ ತಗ್ಗಿನಲ್ಲೇ ನಡೆಯುವವರು. ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ರಬ್ಬರ್ ಕೊಯ್ಯುವವನೊಬ್ಬ ಇದ್ದಾನೆ. ಮರದಿಂದ ಮರಕ್ಕೆ ಅಲ್ಲಾಡುತ್ತ ಹೋಗುವ ಅವನ ದೀಪ ದೂರದಿಂದ ನೋಡಿದವರಿಗೆ ಏನಾಗಿಯೂ ಕಾಣಬಹುದು.

ಹಂದಿಯ ನೆಪ

ಏನಾಗಿಯೂ ಎಂದೆನಲ್ಲ, ಹಂದಿಯಾಗಿ ಕಾಣುವುದೇ ಹೆಚ್ಚು. ಹಂದಿಯೆಂದುಕೊಂಡು ಹಾರಿಸಿದ ಈಡಿಗೆ ಜೊತೆಗಾರನೇ ಬಲಿ ಎಂಬ ಸುದ್ದಿ ಮಲೆನಾಡಿನಿಂದಲೂ ಕರಾವಳಿಯಿಂದಲೂ ಕೇರಳದಿಂದಲೂ ಮತ್ತೆ ಮತ್ತೆ ಬರುತ್ತದೆ. ಹಂದಿಗೆಂದು ಕಟ್ಟಿಟ್ಟ ಕೋವಿಗೆ ಮನುಷ್ಯ ಸಿಕ್ಕಿ ಸತ್ತದ್ದನ್ನು ಕಾಸರಗೋಡು ಜಿಲ್ಲೆಯೇ ಕಂಡಿದೆ.

ಕೃಷಿಕನ ಸಂಕಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಗೆಣಸು, ಮರಗೆಣಸು, ಬಾಳೆ, ಎಳೆಯ ಅಡಿಕೆ ಸಸಿಯ ಬುಡ ಎಲ್ಲ ಉಳುಮೆಯಾಗಿರುತ್ತದೆ. ಕಾಡುಹಂದಿಯನ್ನು ಉಪದ್ರವಿ ಪ್ರಾಣಿಯೆಂದು ಘೋಷಿಸಲು ಕೇರಳ ಕೇಳಿದರೂ ಕೇಂದ್ರ ಒಪ್ಪಲಿಲ್ಲ. ಆಮೇಲೆ 2022ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಪಂಚಾಯತ್ ಅಧ್ಯಕ್ಷರಿಗೇ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟು, ತೋಟ ಹಾಳುಮಾಡುವ ಹಂದಿಯನ್ನು ಪರವಾನಗಿಯ ಕೋವಿಯವರಿಂದ ಕೊಲ್ಲಿಸಬಹುದು ಎಂದಿತು. ವಿಷ, ಸ್ಫೋಟಕ, ವಿದ್ಯುತ್ ತಂತಿ ಕೂಡದು. ಗಬ್ಬದ ಹಂದಿಯನ್ನು ಕೊಲ್ಲಕೂಡದು. ಅಂದರೆ ಯಾರು, ಯಾವಾಗ, ಯಾರ ಅಪ್ಪಣೆಯಲ್ಲಿ ಹೊಡೆದರು ಎಂಬುದಕ್ಕೆ ಕಾಗದ ಇರುತ್ತದೆ.

ತೊಂದರೆ ಇರುವುದು ಕಾಗದ ಇಲ್ಲದ ಈಡಿನಲ್ಲಿ. ಹಂದಿ ಎಂಬ ಒಂದು ಶಬ್ದದ ಮರೆಯಲ್ಲಿ ಎಷ್ಟೋ ಬೆಡಿ ಸಲ್ಲುತ್ತದೆ. ಚುನಾವಣೆ ಬಂತೆಂದರೆ ಪರವಾನಗಿಯ ಕೋವಿಗಳು ಸಾಮಾನ್ಯವಾಗಿ ಪೊಲೀಸ್ ಠಾಣೆಗೆ ಹೋಗಿ ಮಲಗುತ್ತವೆ. ಬೆಳೆ ಕಾಯುವವರು ಪ್ರತಿ ಸಲವೂ ಅದಕ್ಕೆ ಗೊಣಗುತ್ತಾರೆ. ಆ ವಾರಗಳಲ್ಲೂ ರಾತ್ರಿ ಗುಡ್ಡದಿಂದ ಸದ್ದು ಕೇಳಿದರೆ ಅದು ಯಾವ ಕೋವಿ ಎಂದು ಯಾರೂ ಕೇಳುವುದಿಲ್ಲ. ಮಸಿ ತುಂಬಿ, ಚರೆ ಸುರಿದು, ಗಜದಿಂದ ಜಡಿದು, ಕೇಪಿಟ್ಟು ಹೊಡೆಯುವ ನಾಡಕೋವಿಗೆ ನಂಬರಿಲ್ಲ.

ಹಂದಿ ಇಲ್ಲದ ಹಗಲಿಗೆ ಹಕ್ಕಿ ಇದೆ. ಸಣ್ಣ ಏರ್ ಗನ್ನಿಗೆ ಪರವಾನಗಿ ಬೇಡವೆಂದರೆ ಅದರಿಂದ ಹಕ್ಕಿ ಹೊಡೆಯಬಹುದೆಂದಲ್ಲ. 1972ರ ವನ್ಯಜೀವಿ ಕಾಯ್ದೆಗೆ ಅದು ಬೇಟೆಯೇ. ಸಲೀಂ ಅಲಿ ಹುಡುಗನಾಗಿದ್ದಾಗ ಏರ್ ಗನ್ನಿನಿಂದ ಹೊಡೆದ ಹಳದಿ ಕುತ್ತಿಗೆಯ ಗುಬ್ಬಿಯೇ ಅವರನ್ನು ಪಕ್ಷಿಶಾಸ್ತ್ರಕ್ಕೆ ಕರೆತಂದಿತೆಂಬುದು ನಿಜ. ಆದರೆ ಆ ಹುಡುಗ ಸತ್ತ ಗುಬ್ಬಿಯನ್ನು ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ. ನಮ್ಮವರು ಅದನ್ನು ಹಿಡಿದುಕೊಂಡು ಸೆಲ್ಫಿ ತೆಗೆಯುತ್ತಾರೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್ ಗನ್ ಒಪ್ಪಿಸುವ ಆಂದೋಲನ ನಡೆದು, ಹಳ್ಳಿಯವರು ತಾವಾಗಿ ಸಾವಿರಕ್ಕೂ ಹೆಚ್ಚು ಕೋವಿ ತಂದುಕೊಟ್ಟರು. ಅವು ಬೇಟೆ ಬಿಡದ ಮನೆತನಗಳ ಕೋವಿಗಳಾಗಿದ್ದವು.

ಅಡಿ ಲೆಕ್ಕ, ಗಜ ಲೆಕ್ಕ

ರಸ್ತೆಗೂ ಬೆಡಿಗೂ ಎಷ್ಟು ದೂರ ಇರಬೇಕು? ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆ ರಸ್ತೆಯ ನಡುಗೆರೆಯಿಂದ 50 ಅಡಿಯೊಳಗೆ ಕೋವಿ ಹಾರಿಸಿ ದಾರಿಹೋಕರಿಗೆ ತೊಂದರೆಯಾದರೆ ಅಪರಾಧ ಎನ್ನುತ್ತದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ, ಕೋವಿ ಎಂದರೆ ಪ್ರಾಣ ಬಿಡುವ ಆ ದೇಶದಲ್ಲೂ, ಮನೆಯಿಂದ 150 ಗಜದೊಳಗೆ ಹೊಡೆಯುವಂತಿಲ್ಲ. ರಸ್ತೆಗೆ ಅಡ್ಡವಾಗಿ, ನೀರಿಗೆ ಅಡ್ಡವಾಗಿ ಹೊಡೆಯುವಂತಿಲ್ಲ. 150 ಗಜವೆಂದರೆ 137 ಮೀಟರ್. ಆ ಅಳತೆ ಹಿಡಿದುಕೊಂಡು ನಮ್ಮ ಮಂಗಲ್ಪಾಡಿ ಪಂಚಾಯತ್ ಸುತ್ತಿದರೆ ಬೆಡಿ ಹೊಡೆಯಲು ತಕ್ಕ ಜಾಗ ಎಷ್ಟು ಸಿಕ್ಕೀತು?

ನಮ್ಮ ಕಾಯ್ದೆ ಗಜ ಎಣಿಸುವುದಕ್ಕಿಂತ, ಪ್ರಾಣಕ್ಕೆ ಅಪಾಯ ಒಡ್ಡಿತೇ ಎಂದು ಕೇಳುತ್ತದೆ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 25ನೇ ಕಲಮಿಗೆ ಹೊಸ ಉಪಕಲಮು ಸೇರಿತು: ಅಜಾಗರೂಕತೆಯಿಂದಾಗಲಿ, ಮದುವೆ, ಉತ್ಸವಗಳ ಸಂಭ್ರಮದಲ್ಲಾಗಲಿ ಬಂದೂಕು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಯಾರಿಗೂ ತಾಗಲೇಬೇಕೆಂದಿಲ್ಲ. ಯಾರಿಗೂ ತಾಗಲಿಲ್ಲವಲ್ಲ ಎಂಬುದು ಜಗಲಿಯ ಮಾತು, ಕಾನೂನಿನ ಮಾತಲ್ಲ. 2016ರ ನಿಯಮಗಳಂತೆ ಹೊಸದಾಗಿ ಕೋವಿ ಪರವಾನಗಿ ಕೇಳುವವರು ಸುರಕ್ಷತೆಯ ತರಬೇತಿಯನ್ನೂ ಪಡೆದಿರಬೇಕು. ಸಣ್ಣ ಏರ್ ಗನ್ನಿಗೆ ಪರವಾನಗಿಯೇ ಬೇಡವಾದ್ದರಿಂದ, ಮೊದಲ ಬಾರಿಗೆ ಕೋವಿ ಹಿಡಿಯುವ ಹುಡುಗನ ಬಳಿಗೆ ಆ ತರಬೇತಿ ಬರುವುದೇ ಇಲ್ಲ. ಪೆಟ್ಟಿಗೆಯೊಳಗಿನ ಎಚ್ಚರಿಕೆ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಅದು ಪೆಟ್ಟಿಗೆಯ ಜೊತೆಗೇ ಒಲೆಗೆ ಹೋಗುತ್ತದೆ.

ಹಾಗಾದರೆ ಹುಡುಗರು ಏನು ಮಾಡಬೇಕು? ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಪೆನ್ಸಿಲಿನ ಮೊನೆಯಷ್ಟು. ಮನು ಭಾಕರ್ 2024ರ ಪ್ಯಾರಿಸಿನಲ್ಲಿ ಎರಡು ಕಂಚು ತಂದದ್ದೂ ಅದೇ 10 ಮೀಟರಿನ ಏರ್ ಪಿಸ್ತೂಲಿನಿಂದ. ಹತ್ತು ಮೀಟರ್ ಎಂದರೆ ಒಂದು ಶಾಲಾ ಕೋಣೆಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು. 2015ರ ರಾಷ್ಟ್ರೀಯ ಕ್ರೀಡೆಗಾಗಿ ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿ ಕಟ್ಟಿದ ಶೂಟಿಂಗ್ ರೇಂಜ್ ನಮ್ಮಿಂದ ರಾಜ್ಯದ ಇನ್ನೊಂದು ತುದಿಗಿದೆ; ಬಂದ್ಯೋಡಿನ ಹುಡುಗ ಅಲ್ಲಿಗೆ ಹೋಗಿ ಗುಂಡು ಹೊಡೆದು ಬರಲಾರ. ಆದರೆ ಏರ್ ರೈಫಲಿಗೆ ಅಂಥ ರೇಂಜೇ ಬೇಕೆಂದಿಲ್ಲ. ಮುಚ್ಚಿದ ಒಂದು ಉದ್ದ ಕೋಣೆ, ಕೊನೆಯಲ್ಲಿ ಗುಂಡು ನುಂಗುವ ತಡೆ, ಒಬ್ಬ ತರಬೇತುದಾರ. ಪ್ರತಿ ಊರಿನಲ್ಲೂ ಕ್ಲಬ್ಬುಗಳಿವೆ, ಅವಕ್ಕೆ ಕಟ್ಟಡಗಳಿವೆ. ವಾಲಿಬಾಲಿಗೂ ಕಬಡ್ಡಿಗೂ ದುಡ್ಡು ಕೂಡಿಸುವ ಕೈಗಳಿವೆ.

ಪಂಚಾಯತಿಗೂ ಒಂದು ಸಣ್ಣ ಕೆಲಸವಿದೆ. ಹಂದಿ ಹೊಡೆಯಲು ಅಪ್ಪಣೆ ಕೊಟ್ಟ ರಾತ್ರಿ ಆ ವಾರ್ಡಿನವರಿಗೆ ಮೊದಲೇ ತಿಳಿಸುವುದು, ಮಲಯಾಳದಲ್ಲಿ ಮಾತ್ರವಲ್ಲ, ಕನ್ನಡದಲ್ಲೂ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಆ ಮರ್ಯಾದೆ ಕೊಟ್ಟಿದೆ. ರಬ್ಬರ್ ಕೊಯ್ಯುವವನಿಗೆ ಒಂದು ಬೆಳಗ್ಗೆ ತಡವಾಗಿ ಹೊರಡಲು ಅಷ್ಟು ಸಾಕು.

ಇದನ್ನು ಬರೆಯುವ ಮೊದಲು ಇನ್ನೊಮ್ಮೆ ಆ ತಿರುವಿಗೆ ಹೋಗಿದ್ದೆ. ಏಳು ಗುಳಿ ಹಾಗೆಯೇ ಇದ್ದವು, ತುಕ್ಕು ಒಂದಿಷ್ಟು ಹಬ್ಬಿತ್ತು. ಈ ಸಲ ಫಲಕದ ಎದುರು ನಿಲ್ಲಲಿಲ್ಲ. ಹೊಡೆದವನು ಎಲ್ಲಿ ನಿಂತಿರಬೇಕು ಎಂದು ಅಂದಾಜು ಮಾಡಿ, ರಸ್ತೆಯಾಚೆಗಿನ ಮೋಟು ಗೋಡೆಯ ಹಿಂದೆ ಹೋಗಿ ನಿಂತೆ, ಒಂದು ಕಣ್ಣು ಮುಚ್ಚಿದೆ. ಫಲಕ ಚೆನ್ನಾಗಿ ಕಂಡಿತು. ಹೊಡೆಯಬೇಕೆನಿಸುವಷ್ಟು ಚೆನ್ನಾಗಿ.

ಅಷ್ಟರಲ್ಲಿ ತಿರುವಿನಾಚೆಯಿಂದ ಪೋಂ ಪೋಂ ಎಂದು ಹಾರನ್. ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡ ಬೈಕು ಏರು ಹತ್ತಿ ಬಂತು. ಮೊದಲು ಕಂಡದ್ದು ಬೈಕಲ್ಲ, ಸವಾರನ ತಲೆ. ಫಲಕದ ಬಲ ಅಂಚಿಗೆ ತಾಗಿಕೊಂಡೇ ಅದು ಮೂಡಿತು, ಸರಿಯಾಗಿ ಆ ಎತ್ತರಕ್ಕೆ. ಮೋಟು ಗೋಡೆಯ ಹಿಂದೆ ಒಂದು ಕಣ್ಣು ಮುಚ್ಚಿ ನಿಂತ ನನ್ನನ್ನು ನೋಡಿ, ಗಿರಾಕಿಯೆಂದುಕೊಂಡು, ಬೂತಾಯಿ ಬೇಕಾ ಎಂದು ಕೇಳಿದ.